ಅತ್ತೆಯ ಮಂಚದಡಿಯ ವೆಲ್ಡಿಂಗ್ ಮಷೀನ್

ರೀ,

ನಿಮ್ಮ ಕಣ್ಣಿಗೆ ಕಾಣಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅಂಗನವಾಡಿ ಮೀಟಿಂಗಿಗೆ ಎನ್.ಆರ್. ಪುರಕ್ಕೆ ಹೋಗುತ್ತಿದ್ದೇನೆ, ಸಂಜೆ ಬಸ್ಸಿಗೆ ಬರುತ್ತೇನೆ.

ಡಾಕ್ಟರು ಕೊಟ್ಟ ಡ್ರಾಪ್ಸ್ ಫ್ರಿಜ್ಜಿನ ಬಾಗಿಲಲ್ಲಿದೆ. ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಹಾಕಿಕೊಳ್ಳಿ. ಕಣ್ಣು ಉಜ್ಜಬೇಡಿ.

ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನಿನಲ್ಲಿ ತರಿಸಿದ ಆ ಚೀನಾ ವೆಲ್ಡಿಂಗ್ ಮಷೀನಿನ ಜೊತೆ ಮುಖಕ್ಕೆ ಹಿಡಿಯುವ ಕಪ್ಪು ಗಾಜೂ ಬಂದಿತ್ತು. "ಇದೆಂತದು ಮಾರಾಯ್ತಿ, ಮಕ್ಕಳಾಟದ ಸಾಮಾನು" ಎಂದು ಅದನ್ನು ಮೂಲೆಗೆಸೆದು, ನಿನ್ನೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ವೆಲ್ಡಿಂಗಿಗೆ ಕೂತವರು ನೀವೇ. ಮಷೀನನ್ನು ಅತ್ತೆಯ ಮಂಚದಡಿ ಇಟ್ಟಿದ್ದೇನೆ. ಅವರನ್ನು ದಾಟಿ ತೆಗೆಯಿರಿ ನೋಡೋಣ.

ಅನ್ನ, ಸಾರು ಒಲೆಯ ಮೇಲಿದೆ. ಒಂದು ಗಂಟೆಗೆ ಅತ್ತೆಗೆ ಬಡಿಸಿ, ನೀವೂ ಉಣ್ಣಿ.

ಕೆಳಗೆ ಸಣ್ಣ ಅಕ್ಷರದಲ್ಲಿರುವುದನ್ನು ಈಗ ಓದಬೇಡಿ. ಕಣ್ಣು ಪೂರ್ತಿ ವಾಸಿಯಾದ ಮೇಲೆ ಓದಿದರೆ ಸಾಕು.

ಅತ್ತೆ ಹಿಡಿದುಕೊಳ್ಳಲೆಂದು ನೀವು ವೆಲ್ಡ್ ಮಾಡಿ ಬಚ್ಚಲಿನ ಗೋಡೆಗೆ ಕೂರಿಸಿದ ಕಂಬಿಗೆ ಬೆಳಿಗ್ಗೆ ಎದ್ದವಳೇ ಜೋತುಬಿದ್ದು ನೋಡಿದೆ. ಒಂಚೂರೂ ಅಲ್ಲಾಡಲಿಲ್ಲ. ಬಿದ್ದು ಕಾಲು ಮುರಿದುಕೊಂಡ ಮೇಲೆ ಇವತ್ತೇ ಮೊದಲು, ಅತ್ತೆ ನನ್ನನ್ನು ಕರೆಯದೆ ಒಬ್ಬರೇ ಸ್ನಾನ ಮಾಡಿ ಬಂದರು.