ಒಂದು ಗೇಣು ಸರಿದ ಯಂತ್ರ

ಸೆಪ್ಟೆಂಬರ್ 30, ಮಂಗಳವಾರ

ನಾಳೆ ಆಯುಧಪೂಜೆ ಎಂದು ನಮ್ಮ ಪೀಣ್ಯದ ಶೆಡ್ಡಿನ ನೆಲ ತೊಳೆಯಲು ನಮ್ಮ ಕೆಲಸಗಾರ ಸಂಗಣ್ಣ ಲೋಹ ಕೊರೆಯುವ ದೊಡ್ಡ ಕಂಪ್ಯೂಟರ್ ಯಂತ್ರಕ್ಕೆ ಜಾಕ್ ಕೊಟ್ಟು ಒಂದು ಗೇಣು ಸರಿಸಿಬಿಟ್ಟ. ಅದು ತನಗೆ ತಾನೇ ಬೀಗ ಹಾಕಿಕೊಂಡು ಕೂತಿದೆ. ಜಾಗ ಬದಲಾದರೆ ಹಾಗಾಗುವಂತೆಯೇ ಮಾಡಿದ್ದಾರಂತೆ. ಬಿಡಿಸುವ ಕೋಡ್ ಅಮೆರಿಕದ ಕಂಪನಿಯಿಂದಲೇ ಬರಬೇಕು.

"ಕಸಾ ಹೊಡೀಬೇಕಂದ್ರೂ ಅವರನ್ನ ಕೇಳಬೇಕೇನ್ರೀ ಅಕ್ಕಾರ?" ಎಂದ ಸಂಗಣ್ಣ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆ ಯಂತ್ರದಲ್ಲಿ ನಾವು ಮಾಡುತ್ತಿರುವುದು ಕ್ಷಿಪಣಿಯ ರೆಕ್ಕೆಗಳನ್ನು. "ಅಮೆರಿಕದಂಥ ದೊಡ್ಡಣ್ಣನ ಎದುರೂ ನಿಲ್ಲೋ ಶಕ್ತಿ ಇರಬೇಕು ಕಣೇ, ಆಗ ಯಾರೂ ನಮ್ಮನ್ನ ಮುಟ್ಟಲ್ಲ" ಎಂದು ಇವರು ಆರ್ಡರ್ ಹಿಡಿದು ಬಂದ ದಿನ ನಾನೂ ತಲೆಯಾಡಿಸಿದ್ದೆ. ಈಗಲೂ ಅಲ್ಲವೆನ್ನಲಾರೆ. ಆದರೆ ನಾವು ಸಿದ್ಧರಾಗುವವರೆಗೆ ಅವರು ನೋಡುತ್ತ ಸುಮ್ಮನಿರುತ್ತಾರೆಯೇ?

ಕೋಡ್ ಕೊಡುವ ಮುನ್ನ ಕಂಪನಿಯವರು ಒಂದು ಫಾರಂ ಕಳಿಸಿದರು. ಅದರಲ್ಲೊಂದು ಪ್ರಶ್ನೆ: ಈ ಯಂತ್ರದಲ್ಲಿ ಏನು ತಯಾರಿಸುತ್ತೀರಿ?

"ಪಂಪಿನ ಬಿಡಿಭಾಗ ಅಂತ ಬರೆದು ಹಾಕು, ಯಾರು ನೋಡ್ತಾರೆ" ಎಂದರು ಇವರು. ಬರೆದು ಸಹಿ ಮಾಡಿದೆ. ಸಂಜೆ ಆರಕ್ಕೆ ಕಳಿಸಿದ್ದು, ಇನ್ನೂ ಉತ್ತರವಿಲ್ಲ.

ಮಲಗುವ ಮುನ್ನ ಕವಿತೆ ಓದೋಣವೆಂದು ಕೂತೆ. ಒಂದು ಸಾಲೂ ಒಳಗಿಳಿಯಲಿಲ್ಲ. ಗೇಣು ದೂರ ಸರಿದದ್ದನ್ನೇ ಕಂಡುಹಿಡಿದ ಯಂತ್ರಕ್ಕೆ, ಒಂದು ವರ್ಷದಿಂದ ತಾನು ಏನು ಮಾಡುತ್ತಿದ್ದೇನೆಂದು ತಿಳಿಯದೇ ಇದ್ದೀತೇ? ತಿಳಿದದ್ದನ್ನು ಅದು ಅವರಿಗೆ ಎಂದೋ ಹೇಳಿಯೂ ಆಗಿದ್ದರೆ, ಇವತ್ತಿನ ನನ್ನ ಸಹಿ ನಮ್ಮ ಸುಳ್ಳಿಗೆ ನಾನೇ ಕೊಟ್ಟ ಸಾಕ್ಷಿ.