ಫೋಟೋದ ಕೆಳಗಿನ ಸಾಲು

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಹೇಗಿದೆ? ಊರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ನೀನು ಕೈ ಬೀಸಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಪಾಠ ಮಾಡುವ ಗಂಟಲು, ಬಿಸಿನೀರು ಕುಡಿ. ರೂಮಿನಲ್ಲಿ ಒಬ್ಬನೇ ಇದ್ದೇನೆಂದು ಬ್ರೆಡ್ಡು ತಿಂದು ಮಲಗಬೇಡ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಯಂತ್ರ ಮತ್ತೆ ಶುರು ಮಾಡಿದ್ದೇನೆ. ಶಾಲೆ ತೆರೆಯುವ ಹೊತ್ತು, ಯೂನಿಫಾರಂ ಬಟ್ಟೆ ರಾಶಿ ಬಿದ್ದಿದೆ. ಅಪ್ಪ ಇದ್ದಾಗ ಈ ಸದ್ದಿಗೆ, "ನಿನ್ನ ಗಾಡಿನ ಒಂದ್ಸಲ ಸರ್ವೀಸಿಗೆ ಬಿಡು ತಾಯಿ" ಅನ್ನುತ್ತಿದ್ದರು. ಈಗ ಅನ್ನುವವರಿಲ್ಲ. ಆದರೂ ನಡುನಡುವೆ ಯಂತ್ರ ನಿಲ್ಲಿಸಿ ಒಳಕೋಣೆಯ ಕಡೆ ಕಿವಿಗೊಡುತ್ತೇನೆ. ಮೊದಲಿನ ಹಾಗೆ ದಿನಕ್ಕೆ ನಾಲ್ಕು ಸಾಲು ಡೈರಿ ಬರೆಯಲು ಕೂತರೆ ಒಂದು ಸಾಲೂ ಬರುವುದಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಬುಧವಾರ ನಿಮ್ಮ ವಿಭಾಗದ ಮುಖ್ಯಸ್ಥರು ಬಂದಿದ್ದರು. ಇಲ್ಲಿಯ ಕಾಲೇಜಿಗೆ ಪರೀಕ್ಷೆ ನಡೆಸಲು ಬಂದವರು, ಸಾವಿನ ಮನೆ, ಮಾತನಾಡಿಸಿಕೊಂಡು ಹೋಗೋಣ ಎಂದು ವಿಳಾಸ ಹುಡುಕಿಕೊಂಡು ಬಂದರಂತೆ. ಒಳ್ಳೆಯ ಮನುಷ್ಯ. ಕುರ್ಚಿಯ ಮೇಲಿನ ಬಟ್ಟೆ ಚೂರುಗಳನ್ನು ಬಾಚಿ ತೆಗೆದು ಕೂರಿಸಿದೆ. ಕೂರಿಸಿದ ಮೇಲೆ ಗೊತ್ತಾಯಿತು. ಅವರ ಕಣ್ಣೆದುರಿಗೇ ಅಪ್ಪನ ಫೋಟೋ ಇತ್ತು.

ಆ ಫೋಟೋ ನೀನು ನೋಡಿಲ್ಲ. ನೀನು ಹೋದ ಮರುವಾರ ಬಸ್ ಡಿಪೋದವರೆಲ್ಲ ಸೇರಿ ಕಟ್ಟು ಹಾಕಿಸಿ ತಂದರು. ಅಪ್ಪ ಹೆಗಲಿಗೆ ಕಂಡಕ್ಟರ್ ಚೀಲ ಹಾಕಿಕೊಂಡು ನಗುತ್ತಿದ್ದಾರೆ. ಕೆಳಗೆ ಚಿನ್ನದ ಬಣ್ಣದಲ್ಲಿ, 'ಅಸೋಸಿಯೇಟ್ ಪ್ರೊಫೆಸರ್ ಅವರ ಪೂಜ್ಯ ತಂದೆ' ಎಂದು ಬರೆಸಿದ್ದರು. "ಹೆಸರು ಹಾಕ್ಸೋದಕ್ಕಿಂತ ಇದೇ ಅವನಿಗೆ ಖುಷಿ ಆಗ್ತಿತ್ತು ಕಣಮ್ಮ" ಎಂದು ಡ್ರೈವರ್ ಮಾವ ಕಣ್ಣೊರೆಸಿಕೊಂಡರು. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು. ನೀನಿನ್ನೂ ಅಸಿಸ್ಟೆಂಟ್ ಪ್ರೊಫೆಸರೇ, ಬಡ್ತಿ ಕೊಡುವ ಕಮಿಟಿ ಕೂತೇ ಇಲ್ಲ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಮೊಳೆ ತಂದುಕೊಟ್ಟೆ. ಅವರೇ ಹೊಡೆದು ತಗುಲಿಸಿದರು.

ಇದೆಲ್ಲದರ ಬುಡ ನಾನೇ. ಆಸ್ಪತ್ರೆಯ ಕಾರಿಡಾರಿನಲ್ಲಿ, ನಲ್ಲಿಯ ಹತ್ತಿರ, "ಬಡ್ತಿ ಆಗಿದೆ ಅಂದುಬಿಡೋ, ಇವತ್ತಲ್ಲ ನಾಳೆ ಆಗೋದೇ ತಾನೇ" ಎಂದು ನಿನ್ನ ಬೆನ್ನು ಹತ್ತಿದವಳು ನಾನು. "ಅದು ಹಾಗೆಲ್ಲ ಆಗಲ್ಲಕ್ಕ, ಲೇಖನ ನೋಡ್ತಾರೆ, ಪಾಠ ನೋಡ್ತಾರೆ" ಎಂದು ನೀನು ತಲೆ ತಗ್ಗಿಸಿಕೊಂಡೇ ನಿಂತಿದ್ದೆ. ಆಮೇಲೆ ನೀನೇ ಹೋಗಿ ಅಪ್ಪನ ಕಿವಿಯಲ್ಲಿ ಹೇಳಿದೆ. ನೀನು ಊಟ ತರಲು ಹೋದಾಗ ನಡೆದದ್ದು ನಿನಗೆ ಗೊತ್ತಿಲ್ಲ. ಅಪ್ಪ ದಿಂಬಿಗೆ ಒರಗಿ ಎದ್ದು ಕೂತು, ಮಾತ್ರೆ ಕೊಡುವವಳಿಂದ ನೆಲ ಒರೆಸುವವಳ ತನಕ ಎಲ್ಲರಿಗೂ ಹೇಳಿದರು. ಪಕ್ಕದ ಹಾಸಿಗೆಯ ರೈಲ್ವೆ ಗಾರ್ಡು, "ಮೇಷ್ಟ್ರು ಅಂದ್ರೆ ಮೇಷ್ಟ್ರು ಕಣ್ರೀ, ಅದರಲ್ಲಿ ಹಿಂದೇನು ಮುಂದೇನು" ಎಂದು ಕೆಣಕಿದರು. ಅಪ್ಪ ಬಿಡುತ್ತಾರೆಯೇ? "ನಿಮಗೇನ್ರೀ ಗೊತ್ತು, ಜೀವಮಾನವೆಲ್ಲ ಕೊನೇ ಡಬ್ಬೀಲಿ ಕೂತೋರು. ನನ್ನ ಮಗ ಇಂಜಿನ್ ಹತ್ರ ಹೋಗ್ತಿದ್ದಾನೆ" ಎಂದರು. ಇಡೀ ವಾರ್ಡು ನಕ್ಕಿತು. ನಾನೂ ನಕ್ಕೆ.

ಸಂತೋಷವಾಗಿಯೇ ಹೋದರಲ್ಲ ಎಂದು ಸಮಾಧಾನ ತಂದುಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ. ಆಗೆಲ್ಲ ನಾವು ಚಿಕ್ಕವರಾಗಿದ್ದಾಗ ಒಮ್ಮೆ ಅಪ್ಪನ ಬಸ್ಸಿಗೇ ಹತ್ತಿದ್ದು ನೆನಪಾಗುತ್ತದೆ. ಅಪ್ಪನದೇ ಬಸ್ಸೆಂದು ಗೆಳೆಯರ ಮುಂದೆ ಜಂಬದಿಂದ ಕಿಟಕಿ ಪಕ್ಕ ಕೂತಿದ್ದೆವು. ಅಪ್ಪ ಬಂದವರೇ ಎಲ್ಲರಿಗೂ ಚಾಚಿದ ಹಾಗೆ ನಮಗೂ ಕೈ ಚಾಚಿದರು. ನೀನು "ಅಪ್ಪಾ, ನಾನು" ಎಂದೆ. "ಬಸ್ಸೇನು ನಿಮ್ಮಪ್ಪಂದೇನೋ?" ಎಂದರು. ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಆಮೇಲೆ ತಮ್ಮ ಜೇಬಿನಿಂದ ಚಿಲ್ಲರೆ ತೆಗೆದು ಚೀಲಕ್ಕೆ ಹಾಕಿ, ಎರಡು ಟಿಕೆಟ್ ಹರಿದು ನಮ್ಮ ಕೈಯಲ್ಲಿಟ್ಟರು. ಅಂಥವರನ್ನು ನಾವು ಹೇಗೆ ಕಳಿಸಿಕೊಟ್ಟೆವು ನೋಡು.

ನಿಮ್ಮ ಮುಖ್ಯಸ್ಥರು ಕನ್ನಡಕ ಒರೆಸಿಕೊಂಡು ಆ ಸಾಲನ್ನು ಎರಡನೇ ಸಲ ಓದಿದರು. "ಇದ್ಯಾವಾಗ ಆಯ್ತಮ್ಮ?" ಎಂದು ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ, ಅದೇ ಕಷ್ಟವಾಯಿತು. ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದೆ. ಅವನ ತಪ್ಪಿಲ್ಲ ಸಾರ್, ನಾನೇ ಹೇಳಿಸಿದ್ದು ಎಂದೆ. ಅವರು ಟೀ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, "ಈ ಸಾಲು ತೆಗೆಸಿಬಿಡಿ. ಬರದೇ ಇರೋ ಪದವಿ ಹಾಕ್ಕೊಂಡಿದ್ದಾನೆ ಅಂತ ಯಾರಾದ್ರೂ ಕಮಿಟಿಗೆ ಮುಟ್ಟಿಸಿದರೆ ಹುಡುಗನಿಗೇ ತೊಂದರೆ" ಎಂದರು.

ಮಾರನೆಯ ದಿನ ಕಟ್ಟು ಹಾಕುವವನ ಅಂಗಡಿಗೆ ಹೋದೆ. ಅವನು ತಿರುಗಿಸಿ ಮುರುಗಿಸಿ ನೋಡಿ, "ಅಕ್ಷರ ಸರಿಯಾಗೇ ಇದೆಯಲ್ಲಕ್ಕ, ಏನು ತಪ್ಪು?" ಎಂದ. ತಪ್ಪು ಅಕ್ಷರದ್ದಲ್ಲಪ್ಪ, ಬದಲಿಗೆ ಬರೀ ಕಂಡಕ್ಟರ್ ಎಂದು ಬರೆ ಅಂದೆ. ಸಂಜೆ ಡ್ರೈವರ್ ಮಾವ ಬಂದು ನೋಡಿ ಏಕೆಂದು ಕೇಳಿದರು. ಅವರಿಗೂ ಹೇಳಿದೆ. "ಆಸ್ಪತ್ರೆಯಿಂದಾನೇ ಹೇಳಿ ಕಳ್ಸಿ ಡಿಪೋಗೆಲ್ಲ ಸಿಹಿ ಹಂಚ್ಸಿದ್ನಲ್ಲಮ್ಮ" ಎಂದರು. ಅಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಪತ್ರಿಕೆಯವರಿಂದ ವಾಪಸ್ ಬಂದಿತ್ತಲ್ಲ, ಆ ಲೇಖನ ತಿದ್ದಿ ಕಳಿಸಿದೆಯಾ? ಅಪ್ಪನ ಹಾಸಿಗೆಯ ಪಕ್ಕ ಕೂತು ಕೂತು ಅದಕ್ಕೆ ಕೈ ಹಾಕಲು ನಿನಗೆ ಆಗಲಿಲ್ಲ ಎಂಬುದು ನನಗೆ ಗೊತ್ತು. ನಿಧಾನವಾಗಿ ಮಾಡು. ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಿನಗೆ ಒಳ್ಳೆಯದಾಗಲಿ, ಅದು ನಿನ್ನ ಕೈಯಿಂದಲೇ ಆಗಲಿ.

ನಿನ್ನ ಅಕ್ಕ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು: ಮುಖ್ಯಸ್ಥರು ಹೋಗುವಾಗ ಗೇಟಿನ ಹತ್ತಿರ ನಿಂತು, "ಅವನ ಬಡ್ತಿ ಫೈಲು ನನ್ನ ಮೇಜಿನ ಮೇಲೇ ಇದೆ. ಒಂದು ಲೇಖನ ಕಮ್ಮಿ ಬೀಳುತ್ತೆ. ಇರಲಿ, ನಾನು ನೋಡ್ಕೋತೀನಿ. ಹಿರಿಯರ ಕೊನೇ ಮಾತು ಸುಳ್ಳಾಗೋದು ಬೇಡ" ಎಂದರು. ಬೇಡ ಸಾರ್ ಅನ್ನಬೇಕಿತ್ತು. ನಾನು ಕೈ ಮುಗಿದೆ. ಸುಮ್ಮನೆ ಮುಗಿದದ್ದಲ್ಲ, ಆಗಲಿ ಎಂದೇ ಮುಗಿದೆ. ಆರ್ಡರ್ ಬಂದರೆ, ಸಹಿ ಹಾಕುವ ಮೊದಲು ಅವರನ್ನೇ ಹೋಗಿ ಕೇಳು, ಇದು ನನ್ನ ಕೆಲಸ ನೋಡಿ ಕೊಟ್ಟದ್ದೋ, ಅಪ್ಪನ ಫೋಟೋ ನೋಡಿ ಕೊಟ್ಟದ್ದೋ ಎಂದು. ಆಮೇಲೆ ನಿನಗೆ ತೋಚಿದ ಹಾಗೆ ಮಾಡು. ಅವತ್ತು ಆ ಟಿಕೆಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಯ ತನಕ ತಂದವನು ನೀನು. ನಾನು ನನ್ನದನ್ನು ಕಿಟಕಿಯಿಂದ ಎಸೆದಿದ್ದೆ.