ಮೇಲೆ ನಿಂತಂತೆ ಕಂಡ ಚೆಂಡು

ಆರ್ಹುಸ್
ನವೆಂಬರ್ ೧೬, ಭಾನುವಾರ

ಪ್ರೀತಿಯ ಅಪ್ಪ,

ನಿನ್ನ ಎರಡೂ ಪತ್ರಗಳು ತಲುಪಿವೆ. ಉತ್ತರ ತಡವಾಯಿತು, ಬೈಯಬೇಡ. ಕ್ರಿಸ್ಮಸ್‌ಗೆ ಲೀಡ್ಸ್‌ಗೆ ಬಾ ಎಂದು ಕರೆದಿದ್ದೀಯ. ಬರುತ್ತೇನೆ ಎನ್ನುವುದೋ ಬೇಡವೋ ತಿಳಿಯದೆ ಲಕೋಟೆಯನ್ನು ಕಿಟಕಿಯಲ್ಲಿಟ್ಟು ನೋಡುತ್ತಾ ಕಾಲ ಕಳೆದೆ. ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ಮಧ್ಯಾಹ್ನ ಕಳೆಯುವಷ್ಟರಲ್ಲೇ ಕತ್ತಲು. ನನ್ನ ಸೈಕಲ್ಲಿನ ದೀಪವನ್ನು ಯಾರೋ ಕದ್ದರು. ಅಮ್ಮ ಊರಿಂದ ರೈ ಬ್ರೆಡ್ಡು ಕಳಿಸುತ್ತಲೇ ಇರುತ್ತಾಳೆ, ತಿಂದು ಮುಗಿಯುವುದೇ ಇಲ್ಲ.

ನನ್ನ ಓದಿನ ಗುಂಪಿನ ಬಗ್ಗೆ ಬರೆದಿದ್ದೆನಲ್ಲ, ನಾನು, ವಿಬೆಕೆ, ಮಾಲ್ಥೆ. ಇಲ್ಲಿ ಎಲ್ಲವೂ ಗುಂಪಿನಲ್ಲೇ, ಜನವರಿಯ ಮೌಖಿಕ ಪರೀಕ್ಷೆಯೂ. ಶುಕ್ರವಾರ ಒಂದೊಂದು ಗುಂಪು ಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸಬೇಕು. ಹಿಂದಿನ ದಿನ ಅಡುಗೆಮನೆಯಲ್ಲಿ ಕೂತು ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತೇವೆ. ಸಿಕ್ಕಿಬಿದ್ದವರು ಮುಂದಿನ ವಾರ ಕೇಕ್ ತರಬೇಕು. ಅಡುಗೆಮನೆಯಲ್ಲಿ ಎಷ್ಟು ಬೇಕಾದರೂ ಬೈದುಕೊಳ್ಳಬಹುದು. ಹಲಗೆಯ ಮುಂದೆ ಮಾತ್ರ ಯಾರೂ ಯಾರನ್ನೂ ಬಿಟ್ಟುಕೊಡುವಂತಿಲ್ಲ.

ನಮ್ಮ ಪಾಲಿಗೆ ಬಂದದ್ದು ನೇರ ಮೇಲಕ್ಕೆ ಎಸೆದ ಚೆಂಡು. ನೀನು ಕಲಿಸಿದ ಪಾಠ ಎಂದು ನನಗೆ ಎಷ್ಟು ಖುಷಿಯಾಯಿತು ಗೊತ್ತೇ! ಗುರುವಾರ ವಿಬೆಕೆಯ ಮುಂದೆ ಪೂರ್ತಿ ಒಪ್ಪಿಸಿದೆ.

"ತುದೀಲಿ ವೇಗೋತ್ಕರ್ಷ ಎಷ್ಟು?" ಎಂದು ಕೇಳಿದಳು.

"ಸೊನ್ನೆ."

ದಾಲ್ಚಿನ್ನಿ ಬನ್ ಅಗಿಯುತ್ತಾ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಸರಿ, ಆ ಭಾಗ ನೀನೇ ಹೇಳ್ಬಿಡು."

ಶುಕ್ರವಾರ ಹಲಗೆಯ ಮುಂದೆ ಹಾಗೇ ಹೇಳಿದೆ. ನಮಗೆ ಲೆಕ್ಕ ಮಾಡಿಸುವ ಹಿರಿಯ ವಿದ್ಯಾರ್ಥಿ ಅಸ್ಬ್ಯೋರ್ನ್ ತಲೆ ಕೆರೆದುಕೊಂಡ. "ತುದೀಲಿ ವೇಗ ಸೊನ್ನೆ, ಒಪ್ದೆ. ವೇಗ ಬದಲಾಗೋದೂ ನಿಂತೋದ್ರೆ ಚೆಂಡು ವಾಪಸ್ ಯಾಕ್ ಬರತ್ತೆ?"

"ಅಲ್ಲೇ ಬಾಡಿಗೆ ಮನೆ ಮಾಡ್ಕೊಳ್ಳತ್ತೆ ಬಿಡೋ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ವಿಬೆಕೆ ನನ್ನ ಕೈಯಿಂದಲೇ ಸೀಮೆಸುಣ್ಣ ತೆಗೆದುಕೊಂಡಳು. "ಹೋಗೋವಾಗ, ತುದೀಲಿ, ಬರೋವಾಗ, ಎಲ್ಲ ಕಡೆ ಒಂದೇ. ಒಂಬತ್ತು ಪಾಯಿಂಟ್ ಎಂಟು ಎರಡು, ಕೆಳಮುಖವಾಗಿ." ನಾನು ಇಂಗ್ಲೆಂಡಿನ ಶಾಲೆಯ ಅಭ್ಯಾಸದಲ್ಲಿ ಒಂಬತ್ತು ಪಾಯಿಂಟ್ ಎಂಟು ಒಂದು ಎಂದು ಬರೆದಿದ್ದೆ. ಆ ಒಂದನ್ನು ಬೆರಳಿನಿಂದ ಒರೆಸಿದಳು. "ಇವಳದು ಇಂಗ್ಲೆಂಡಿನ ಚೆಂಡು. ನಮ್ಮೂರ ಭೂಮಿ ಸ್ವಲ್ಪ ಜೋರಾಗೇ ಎಳೆಯತ್ತೆ."

ಎಲ್ಲರೂ ನಕ್ಕರು. ಮಾಲ್ಥೆಯೂ ನಕ್ಕ.

ಹೊರಗೆ ಬಂದು ಕೇಳಿದೆ, "ನಿನ್ನೆನೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಕಣೇ. ಯಾರಿಗೆ ಎಷ್ಟು ಬರತ್ತೆ ಅಂತ ಅಸ್ಬ್ಯೋರ್ನ್‌ಗೂ ಗೊತ್ತಾಗ್ಲಿ ಅಂತ ಸುಮ್ನಿದ್ದೆ." ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಅಂದಳು, "ಬೇಜಾರ್ ಮಾಡ್ಕೋಬೇಡ. ಪರೀಕ್ಷೆಗೆ ನಾನೂ ಮಾಲ್ಥೆನೂ ಬೇರೆಯವರ ಜೊತೆ ಸೇರ್ಕೊಂಡಿದೀವಿ. ಹೋದ ವಾರಾನೇ ಹೆಸರು ಕೊಟ್ಟಾಯ್ತು."

ಹೋದ ವಾರವೇ. ಅದಾದ ಮೇಲೆ ಗುರುವಾರ ನನ್ನ ಎದುರು ಕೂತು ಬನ್ ತಿಂದಳು, ನನ್ನ ಟೀ ಕುಡಿದಳು, ನನ್ನ ಹೊಸ ಮಫ್ಲರ್ ಚೆನ್ನಾಗಿದೆ ಎಂದಳು.

ಮೆಟ್ಟಿಲ ಬಳಿ ಅಸ್ಬ್ಯೋರ್ನ್ ಸಿಕ್ಕಿದ. ಒಳ್ಳೆಯವನು. ಬೀಗದ ಕೈ ಗೊಂಚಲನ್ನು ಮೇಲಕ್ಕೆ ಎಸೆದು ಹಿಡಿದ. "ನಿಂತ ಹಾಗೆ ಕಾಣತ್ತೆ ಅಷ್ಟೇ. ಎಳೆತ ಒಂದು ಕ್ಷಣಾನೂ ಬಿಟ್ಟಿರಲ್ಲ. ಅದಕ್ಕೇ ಅದು ತಿರುಗೋದು. ಯಾರು ನಿಂಗೆ ಹೀಗ್ ಹೇಳ್ಕೊಟ್ಟೋರು?"

"ಎಲ್ಲೋ ಓದಿದ್ದೆ" ಎಂದೆ. ನಿನ್ನ ಹೆಸರು ಹೇಳಲಿಲ್ಲ, ಅಪ್ಪ.

ಕಡಲತೀರದ ಬೇಸಿಗೆಮನೆ ನೆನಪಿದೆಯೇ? ಅಮ್ಮ ಒಳಗೆ ಸ್ಟ್ರಾಬೆರಿ ತೊಳೆಯುತ್ತಿದ್ದಳು. ನೀನು ಕ್ರಿಕೆಟ್ ಚೆಂಡನ್ನು ಸೂರಿಗಿಂತ ಎತ್ತರ ಎಸೆದು ಹೇಳಿದ್ದೆ, "ನೋಡು ಪುಟ್ಟೀ, ಅಲ್ಲಿ ಮೇಲೆ ಭೂಮಿ ಅದನ್ನ ಬಿಟ್ಬಿಡತ್ತೆ. ಯಾರೂ ಎಳೆಯಲ್ಲ. ನಾವೂ ಈಗ ಹಾಗೇ ಇದೀವಿ. ಯಾರೂ ಎಲ್ಲಿಗೂ ಹೋಗಲ್ಲ." ಆ ಬೇಸಿಗೆ ಮುಗಿದ ಮೇಲೆ ಇಂಗ್ಲೆಂಡಿನ ಶಾಲೆಯ ಹಾಸ್ಟೆಲ್‌ನಲ್ಲಿ ಅಷ್ಟು ವರ್ಷ ಮಲಗುವ ಮುಂಚೆ ನಾನು ಆ ಚೆಂಡನ್ನು ನೆನೆಯುತ್ತಿದ್ದೆ. ಒಂದು ಕ್ಷಣವಾದರೂ ನಮ್ಮನ್ನು ಯಾರೂ ಎಳೆದಿರಲಿಲ್ಲ ಎಂದುಕೊಳ್ಳುತ್ತಿದ್ದೆ.

ಇರಲಿ. ಬೇರೆ ಗುಂಪೊಂದನ್ನು ಕೇಳಿ ನೋಡುವುದಾಗಿ ಅಸ್ಬ್ಯೋರ್ನ್ ಹೇಳಿದ್ದಾನೆ. ಆಗದಿದ್ದರೆ ಪರೀಕ್ಷೆಗೆ ಒಬ್ಬಳೇ ಹೆಸರು ಬರೆಸಿಕೊಳ್ಳುತ್ತೇನೆ. ಕ್ರಿಸ್ಮಸ್‌ಗೆ ಬರುವುದಿಲ್ಲ, ಓದಬೇಕು. ಚಳಿಯಲ್ಲಿ ಮಂಡಿ ಬೆಚ್ಚಗಿಟ್ಟುಕೋ. ಹೊಸ ವರ್ಷ ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದು ಮಾಡಲಿ.

ನಿನ್ನ,
ದಿತ್ತೆ

ಮತ್ತೊಂದು ಮಾತು: ಓದಬೇಕು ಎಂದು ಬರೆದದ್ದು ನಿಜವಾದ ಕಾರಣವಲ್ಲ. ಚೆಂಡು ಎಸೆದ ಆ ದಿನ ನಾನು ಹೊಸ ಬೂದು ಕಾಲುಚೀಲ ಹಾಕಿಕೊಂಡಿದ್ದೆ. ಅದರೊಳಗೆ ಕೆಂಪು ದಾರದಲ್ಲಿ ನನ್ನ ಹೆಸರಿನ ಪಟ್ಟಿ ಹೊಲಿದಿತ್ತು. "ಇದ್ಯಾಕಪ್ಪಾ?" ಅಂದೆ. "ನೀನು ಕಳೆದುಹೋಗ್ಬಾರ್ದು ಅಂತ" ಅಂದೆ ನೀನು. ನನಗೆ ಅದು ಉಡುಗೊರೆಯಂತೆ ಕಂಡಿತ್ತು. ಬಿಚ್ಚದೆ ಅದರಲ್ಲೇ ಮಲಗಿದ್ದೆ. ಆ ಸೆಪ್ಟೆಂಬರಿನಲ್ಲಿ ಹಾಸ್ಟೆಲ್‌ನ ಬಟ್ಟೆ ಒಗೆಯುವ ಕೋಣೆಗೆ ಹೋದಾಗ ಎಲ್ಲ ಹುಡುಗಿಯರ ಕಾಲುಚೀಲದಲ್ಲೂ ಅಂಥದೇ ಪಟ್ಟಿ ಇತ್ತು, ಬಟ್ಟೆ ಬೆರೆಯದಿರಲೆಂದು ಸೇರುವ ಮುಂಚೆಯೇ ಹೊಲಿಸಿ ತರಲು ಶಾಲೆಯವರು ಹೇಳಿದ್ದ ಪಟ್ಟಿ. ಯಾರೂ ಎಲ್ಲಿಗೂ ಹೋಗಲ್ಲ ಎಂದು ನೀನು ಹೇಳುವಾಗಲೇ ಅದನ್ನು ಹೊಲಿಸಿ ಆಗಿತ್ತು, ಅಪ್ಪ.